ಹೊಸ ಗ್ರಾಫಿಕ್ಸ್ ಕಾರ್ಡಿಗಾಗಿ ಕಾಯಬೇಕೆ?

ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪು ಬಹುತೇಕ ಮದರ್‌ಬೋರ್ಡಿಗೇ ಬೆಸುಗೆಗೊಂಡಿದ್ದು, ಕೊಂಡ ಬಳಿಕ ಬದಲಿಸಲು ಆಸ್ಪದವಿಲ್ಲದಿರುವುದರಿಂದ, ಗೇಮಿಂಗ್ ಪ್ರಿಯರು ಮುಂದಿನ ತಲೆಮಾರಿನ ಆಗಮನವನ್ನು ನಿರೀಕ್ಷಿಸುತ್ತ ಕಾಲ ಕಳೆಯುವುದು ಸಹಜವೇ ಆಗಿದೆ.

ಆದರೆ ನಿರೀಕ್ಷೆಗೆ ತಕ್ಕ ಫಲ ಸರ್ವದಾ ದೊರೆಯದು. 2025ರ ಜನವರಿಯಲ್ಲಿ ಎನ್‌ವಿಡಿಯಾ ಸಂಸ್ಥೆಯು ಆರ್‌ಟಿಎಕ್ಸ್ 50 ಶ್ರೇಣಿಯನ್ನು ಪ್ರಕಟಿಸಿದಾಗ, ಲ್ಯಾಪ್‌ಟಾಪಿನ 4070ರ ಸ್ಥಾನಕ್ಕೆ ಬಂದ 5070ರ ಮೆಮೊರಿಯು ಜಿಡಿಡಿಆರ್7 ಆಗಿ ವೇಗವನ್ನು ಪಡೆಯಿತಾದರೂ, ಅದರ ಪರಿಮಾಣವು ಹಿಂದಿನಂತೆ 8 ಜಿಬಿಯಲ್ಲಿಯೇ ನಿಂತಿತು.

ಮೇಲಾಗಿ, 4060 ಎಂಬ ಒಂದೇ ನಾಮಧೇಯದ ಚಿಪ್ಪಿಗೆ ಒಂದು ಲ್ಯಾಪ್‌ಟಾಪಿನಲ್ಲಿ 115 ವ್ಯಾಟ್ ವಿದ್ಯುತ್ತು ದೊರೆತರೆ, ತೆಳುವಾದ ಮತ್ತೊಂದರಲ್ಲಿ ಅದಕ್ಕಿಂತ ಬಹಳ ಕಡಿಮೆ ದೊರೆಯಬಹುದು. ಆಟದ ವೇಗವೂ ಅದನ್ನೇ ಅನುಸರಿಸುವುದು.

ಆದುದರಿಂದ ಹೆಸರಿನ ನವೀನತೆಗೆ ಮಾರುಹೋಗದೆ, ವಿವರಪಟ್ಟಿಯಲ್ಲಿ ಟಿಜಿಪಿ (ಚಿಪ್ಪಿಗೆ ದೊರೆಯುವ ವಿದ್ಯುತ್ತಿನ ಮಿತಿ) ಮತ್ತು ಮೆಮೊರಿ ಎಂಬ ಎರಡು ಸಾಲುಗಳನ್ನು ತಪ್ಪದೆ ಪರಿಶೀಲಿಸಿರಿ. ಇಂದೇ ಅಗತ್ಯವಿದ್ದವರು ಇಂದೇ ಕೊಳ್ಳುವುದು ಲೇಸು. ಹಳೆಯ ಯಂತ್ರವು ಇನ್ನೂ ಸಮರ್ಥವಾಗಿರುವವರು ಮಾತ್ರ ಕಾಯಲಿ.