ಲಕ್ವದ ನಂತರ ಗಟ್ಟಿಯಾದ ಕಣಕಾಲು: ಮಿಷನ್ ಬೇಕೇ?



ಲಕ್ವ ಹೊಡೆದವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರ ಆರೈಕೆ ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿಗೇ ಬರುತ್ತದೆ. ಗ್ರಾಮ ಭೇಟಿಯಲ್ಲಿ ನಾವು ಆಗಾಗ ಕೇಳುವ ಮಾತು ಇದು: "ಸಿಸ್ಟರ್, ಪಾದ ಕೆಳಕ್ಕೆ ಬಗ್ಗಿ ಸೆಟೆದುಕೊಂಡಿದೆ, ಹಿಮ್ಮಡಿ ನೆಲಕ್ಕೆ ತಾಗೋದೇ ಇಲ್ಲ. ಮಿಷನ್ ತಗೊಂಡ್ರೆ ಸರಿ ಹೋಗುತ್ತಾ?" ಇದಕ್ಕೆಂದು ಸಂಘದಲ್ಲಿ ಸಾಲ ಎತ್ತುವ ಮೊದಲು ಕೆಲವು ವಿಷಯ ತಿಳಿದುಕೊಳ್ಳೋಣ.

ಕಣಕಾಲು ಯಾಕೆ ಗಟ್ಟಿಯಾಗುತ್ತದೆ?

ಲಕ್ವದಲ್ಲಿ ಮೆದುಳಿಗೆ ಪೆಟ್ಟಾಗಿ ಸ್ನಾಯುಗಳ ಮೇಲಿನ ಹಿಡಿತ ತಪ್ಪುತ್ತದೆ. ಮೀನಖಂಡದ ಸ್ನಾಯು ತಾನಾಗಿಯೇ ಬಿಗಿದು ಪಾದವನ್ನು ಕೆಳಕ್ಕೆ ಎಳೆಯುತ್ತದೆ. ಪಾದ ಹಾಗೆಯೇ ಇದ್ದರೆ ವಾರಗಳು ಕಳೆದಂತೆ ಸ್ನಾಯು ನಿಜವಾಗಿಯೂ ಗಿಡ್ಡವಾಗುತ್ತದೆ. ಆಗ ನಡೆಯುವಾಗ ಬೆರಳು ನೆಲಕ್ಕೆ ತಾಗಿ ಎಡವಿ ಬೀಳುವ ಭಯ.

ಯಾವ ಸಾಧನಗಳಿವೆ?

• ಇಳಿಜಾರು ಹಲಗೆ: ಬೆರಳು ಮೇಲೆ, ಹಿಮ್ಮಡಿ ಕೆಳಗೆ ಬರುವಂತೆ ಇದರ ಮೇಲೆ ನಿಲ್ಲುವುದು.
• ಕಾಲಿನ ಸ್ಪ್ಲಿಂಟ್: ಪಾದವನ್ನು ನೇರ ಕೋನದಲ್ಲಿ ಹಿಡಿದಿಡುತ್ತದೆ. ನಡೆಯಲು ಬೇರೆ ಬಗೆಯದೂ ಇದೆ.
• ಮೋಟಾರಿನ ಯಂತ್ರ: ಪಾದವನ್ನು ನಿಧಾನವಾಗಿ ಮೇಲಕ್ಕೂ ಕೆಳಕ್ಕೂ ಬಗ್ಗಿಸುತ್ತದೆ. ಬಿಗಿತ ಹೆಚ್ಚಾದಂತೆ ತಾನೇ ವೇಗ ತಗ್ಗಿಸುವ ಇಂಥ ಯಂತ್ರದ ಬಗ್ಗೆ ಅಮೆರಿಕದ ಶಿಕಾಗೋ ನಗರದ ಸಂಶೋಧಕರು 2002ರಲ್ಲಿ ವರದಿ ಪ್ರಕಟಿಸಿದರು.

ಎಷ್ಟು ಪ್ರಯೋಜನ?

2017ರಲ್ಲಿ ಕೊಕ್ರೇನ್ ಸಂಸ್ಥೆಯ ತಜ್ಞರು ಲಕ್ವದವರೂ ಸೇರಿದಂತೆ 2,135 ಜನರ ಮೇಲೆ ನಡೆದ 49 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಏಳು ತಿಂಗಳಿಗಿಂತ ಕಡಿಮೆ ಅವಧಿಯ ಎಳೆತದಿಂದ ಮಾತ್ರವೇ ಕೀಲಿನ ಚಲನೆಯಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಆಗುವುದಿಲ್ಲವೆಂದು ಕಂಡುಬಂತು. ಹಾಗಂತ ಎಳೆತ ದಂಡವಲ್ಲ. ಎಳೆದ ಮೇಲೆ ಸ್ವಲ್ಪ ಹೊತ್ತು ಕಾಲು ಸಡಿಲವಾಗುತ್ತದೆ. ಆ ಹೊತ್ತನ್ನು ನಿಲ್ಲಲು, ನಡೆಯಲು ಬಳಸಬೇಕು. ಸಾಧನ ದಾರಿ ಮಾಡಿಕೊಡುತ್ತದೆ, ನಡೆಯುವ ಕೆಲಸ ರೋಗಿಯದೇ. ಆದ್ದರಿಂದ ಸಾಲ ಮಾಡಿ ಯಂತ್ರ ಕೊಳ್ಳಬೇಡಿ. ಅದೇ ಹಣ ಫಿಸಿಯೋಥೆರಪಿಗೆ ಹೋಗಿಬರುವ ಬಸ್ ಚಾರ್ಜಿಗಾದರೂ ಆದೀತು.

ಮನೆಯಲ್ಲಿ ಏನು ಮಾಡಬಹುದು?

ಫಿಸಿಯೋಥೆರಪಿಸ್ಟರಿಂದ ಒಮ್ಮೆ ಕಲಿತು ದಿನವೂ ಮಾಡಿಸಿ.

1. ಕುಳಿತಾಗ ಪಾದ ನೇತಾಡಬಾರದು. ಹಿಮ್ಮಡಿ ನೆಲಕ್ಕೆ ಊರಿರಲಿ.
2. ಭಾರವಾದ ಕಂಬಳಿ ಬೆರಳುಗಳನ್ನು ಕೆಳಕ್ಕೆ ಒತ್ತದಂತೆ ನೋಡಿ.
3. ಮಂಡಿ ನೇರವಾಗಿಟ್ಟು, ಪಾದದ ಮುಂಭಾಗಕ್ಕೆ ಟವೆಲ್ ಸುತ್ತಿ ನಿಧಾನವಾಗಿ ಎಳೆದು ಅರ್ಧ ನಿಮಿಷ ಹಿಡಿಯಿರಿ. ಜಗ್ಗಬೇಡಿ.
4. ಹಲಗೆಯ ಮೇಲೆ ನಿಲ್ಲಿಸುವಾಗ ಕಿಟಕಿಯ ಸರಳು ಹಿಡಿಸಿ, ಪಕ್ಕದಲ್ಲೇ ಒಬ್ಬರು ಇರಿ.

ಎಚ್ಚರಿಕೆ

ಲಕ್ವದ ಕಾಲಿಗೆ ಸ್ಪರ್ಶ ಸರಿಯಾಗಿ ಗೊತ್ತಾಗದಿರಬಹುದು. ಸ್ಪ್ಲಿಂಟ್ ಬಿಚ್ಚಿದಾಗ ಚರ್ಮ ನೋಡಿ. ಕೆಂಪು ಕಲೆ ಅರ್ಧ ಗಂಟೆಯಾದರೂ ಹೋಗದಿದ್ದರೆ ಮತ್ತೆ ಹಾಕದೆ ತೋರಿಸಿ. ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ತಿಕ್ಕಬೇಡಿ, ಎಳೆಯಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಕೂಡಲೇ ವೈದ್ಯರ ಬಳಿ ಹೋಗಿ.

ಶೇಕಡಾ 40 ಅಥವಾ ಹೆಚ್ಚು ಅಂಗವೈಕಲ್ಯವೆಂದು ಪ್ರಮಾಣಪತ್ರ ಇದ್ದವರಿಗೆ, ಆದಾಯ ಮಿತಿಗೆ ಒಳಪಟ್ಟು, ಕೇಂದ್ರ ಸರ್ಕಾರದ ಎ.ಡಿ.ಐ.ಪಿ. ಯೋಜನೆಯಲ್ಲಿ ಸಾಧನ ಸಿಗುತ್ತದೆ. ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ. ಮುಂದಿನ ವಾರದ ಸಭೆಯಲ್ಲಿ ಒಂದು ಪ್ರಶ್ನೆ ಇಡಿ: ನಮ್ಮ ಸಂಘದ ಯಾರ ಮನೆಯಲ್ಲಿ ಲಕ್ವದವರಿದ್ದಾರೆ, ಅವರ ಹಿಮ್ಮಡಿ ನೆಲಕ್ಕೆ ತಾಗುತ್ತಿದೆಯೇ?