ಹೂವಾಡುವ ಕಾಲದಲ್ಲಿ ಶೇಂಗಾ ಬೆಳೆಯು ಹಳದಿಯಾಗುವುದು: ಅದರ ಕಾರಣ ಮತ್ತು ಪರಿಹಾರ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಭಾಗಗಳ ಶೇಂಗಾ ಬೆಳೆಗಾರರಿಗೆ ಪರಿಚಿತವಾದ ಸಂಗತಿಯೊಂದುಂಟು. ಬಿತ್ತಿದ ಬೀಜವು ಚೆನ್ನಾಗಿ ಮೊಳೆತು, ಮೂರು ವಾರಗಳವರೆಗೆ ಹಸುರಾಗಿ ಬೆಳೆದು, ಸರಿಯಾಗಿ ಹೂವು ಕಾಣಿಸಿಕೊಳ್ಳುವ ಹೊತ್ತಿಗೆ ಹೊಲದಲ್ಲಿ ಅಲ್ಲಲ್ಲಿ ಗಿಡದ ತುದಿಯು ಹಳದಿಗಟ್ಟತೊಡಗುವುದು. ಇದನ್ನು ಕಂಡ ಒಕ್ಕಲಿಗನು ಭೂಮಿಯಲ್ಲಿ ಸತ್ವ ಸಾಲದೆಂದು ಬಗೆದು, ಪೇಟೆಗೆ ಹೋಗಿ ಯೂರಿಯಾ ಗೊಬ್ಬರದ ಚೀಲವನ್ನು ತಂದು ಚೆಲ್ಲುವನು. ಗಿಡವು ಹಸುರಾಗದು, ಹೂವಾಡುವ ದಿನಗಳು ಮಾತ್ರ ಕಳೆದುಹೋಗುವವು. ಕೊಟ್ಟ ಹಣವೂ ಹೋಯಿತು, ಕಾಯಿಯೂ ಹೋಯಿತು. ಈ ನಷ್ಟವು ಹೇಗೆ ಒದಗುತ್ತದೆ, ಅದನ್ನು ಅಲ್ಪ ವೆಚ್ಚದಲ್ಲಿ ತಪ್ಪಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

೧. ಭೂಮಿಯಲ್ಲಿದ್ದೂ ಗಿಡಕ್ಕೆ ದಕ್ಕದಿರುವುದು

ಈ ಹಳದಿ ಬಣ್ಣಕ್ಕೆ ಬಹುಮಟ್ಟಿಗೆ ಕಾರಣವಾದದ್ದು ಕಬ್ಬಿಣದ ಅಂಶದ ಕೊರತೆ. ಎಲೆಯಲ್ಲಿ ಹಸುರು ಹುಟ್ಟಬೇಕಾದರೆ ಕಬ್ಬಿಣವು ಅಲ್ಪ ಪ್ರಮಾಣದಲ್ಲಾದರೂ ಬೇಕೇ ಬೇಕು. ಆದರೆ ನಮ್ಮ ಭೂಮಿಯಲ್ಲಿ ಕಬ್ಬಿಣವಿಲ್ಲವೆಂದು ತಿಳಿಯಬಾರದು. ಶಿರಹಟ್ಟಿ ಮುಂಡರಗಿಗಳ ನಡುವೆ ನಿಂತಿರುವ ಕಪ್ಪತಗುಡ್ಡದ ಕಲ್ಲುಗಳಲ್ಲಿ ಕಬ್ಬಿಣದ ಅದಿರೇ ಇದೆ. ಅದರ ಸುತ್ತಲಿನ ಮಸಾರಿ ಮಣ್ಣಿನ ಕೆಂಪು ಸಹ ಕಬ್ಬಿಣದಿಂದ ಬಂದುದೇ. ಎರೆ ಭೂಮಿಯಲ್ಲಿಯೂ ಗಿಡಕ್ಕೆ ಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚು ಕಬ್ಬಿಣವಿರುತ್ತದೆ. ಕಣಜ ತುಂಬಿದ್ದರೂ ಬಾಗಿಲಿಗೆ ಬೀಗ ಬಿದ್ದಂತೆ ಇದರ ಸ್ಥಿತಿ.

ಆ ಬೀಗವು ಸುಣ್ಣ. ಎರೆ ಭೂಮಿಯನ್ನು ಆಳವಾಗಿ ರಂಟೆ ಹೊಡೆದಾಗ ಬಿಳಿಯ ಸುಣ್ಣದ ಹರಳುಗಳು ಮೇಲಕ್ಕೆ ಬರುವುದನ್ನು ಎಲ್ಲರೂ ನೋಡಿದ್ದಾರೆ. ಇಂಥ ಹರಳನ್ನು ಪುಡಿ ಮಾಡಿ ನಿಂಬೆಯ ರಸ ಹಿಂಡಿದರೆ ಸಣ್ಣಗೆ ಬುರುಗು ಏಳುವುದು. ಸುಣ್ಣದ ಅಂಶವಿರುವ ಭೂಮಿಯ ರಸಸಾರವು ಸಾಮಾನ್ಯವಾಗಿ 7.5ಕ್ಕಿಂತ ಮೇಲಿರುತ್ತದೆ. ರಸಸಾರವು ಒಂದು ಅಂಕೆ ಏರಿದರೆ ನೀರಿನಲ್ಲಿ ಕರಗುವ ಕಬ್ಬಿಣವು ಸುಮಾರು ಸಾವಿರ ಪಾಲು ಇಳಿಯುತ್ತದೆ. ಕರಗದ ಪದಾರ್ಥವನ್ನು ಬೇರು ಹೀರಲಾರದು. ಮೇಲಾಗಿ, ಮಳೆ ಹೆಚ್ಚಾಗಿ ಅಥವಾ ನೀರು ಮಿತಿಮೀರಿ ಹಾಯ್ದು ಹೊಲದಲ್ಲಿ ನಿಂತರೆ ಬೇರಿಗೆ ಗಾಳಿಯಾಡದೆ ಈ ತೊಂದರೆ ಇಮ್ಮಡಿಯಾಗುವುದು. ತಗ್ಗಿನ ಜಾಗದಲ್ಲಿಯೇ ಹಳದಿ ಮೊದಲು ಕಾಣುವುದಕ್ಕೆ ಇದೇ ಕಾರಣ.

ಶೇಂಗಾ ಬೇರಿನ ಗಂಟುಗಳಿಗೂ ಕಬ್ಬಿಣವು ಅವಶ್ಯ. ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುವ ಕಾರ್ಯವು ಈ ಗಂಟುಗಳದು. ಕಬ್ಬಿಣ ದಕ್ಕದಿದ್ದರೆ ಆ ಕೆಲಸವೂ ಕುಂದುವುದು. ಹೂವಿನ ಬುಡದಿಂದ ಸೂಜಿಯಂಥ ಕುಡಿಯು ಕೆಳಗಿಳಿದು ಮಣ್ಣನ್ನು ಹೊಕ್ಕು ಕಾಯಾಗುವ ಕಾಲವಿದು. ಎಲೆಯು ಆಹಾರ ತಯಾರಿಸದಿದ್ದರೆ ಕಾಯಿ ತುಂಬುವುದಾದರೂ ಎಲ್ಲಿಂದ?

೨. ಗುರುತು ಹಿಡಿಯುವ ಬಗೆ

ಮೊದಲು ನೋಡತಕ್ಕದ್ದು, ಹಳದಿಯಾದದ್ದು ಹಳೆಯ ಎಲೆಯೋ ಹೊಸ ಎಲೆಯೋ ಎಂಬುದನ್ನು. ಸಾರಜನಕವು ಗಿಡದೊಳಗೆ ಸಂಚರಿಸಬಲ್ಲುದು. ಅದು ಕಡಿಮೆಯಾದಾಗ ಗಿಡವು ಹಳೆಯ ಎಲೆಗಳಿಂದ ತೆಗೆದು ಹೊಸವಕ್ಕೆ ಕೊಡುವುದರಿಂದ ಬುಡದ ಎಲೆಗಳು ಮೊದಲು ಹಳದಿಯಾಗುವವು. ಕಬ್ಬಿಣವು ಹಾಗೆ ಸುಲಭವಾಗಿ ಸಂಚರಿಸದು. ಕಾರಣ, ಅದರ ಕೊರತೆಯು ತುದಿಯ ಎಳೆಯ ಎಲೆಗಳಲ್ಲಿ ಕಾಣಿಸಿ, ನರಗಳು ಹಸುರಾಗಿ ಉಳಿದು, ನಡುವಿನ ಭಾಗ ಮಾತ್ರ ಹಳದಿಯಾಗುವುದು. ಕೊರತೆ ತೀವ್ರವಾದರೆ ಎಲೆಯು ಕಾಗದದಂತೆ ಬೆಳ್ಳಗಾಗಿ ಅಂಚಿನಿಂದ ಒಣಗುವುದು. ಎಳೆಯ ಎಲೆಯು ನರಸಹಿತವಾಗಿ ಒಂದೇ ಸಮನೆ ಹಳದಿಯಾಗಿದ್ದರೆ ಗಂಧಕದ ಕೊರತೆಯೆಂದು ಸಂಶಯಿಸಬೇಕು. ಎಲೆಯಲ್ಲಿ ಉಂಗುರದಂಥ ಮಚ್ಚೆಗಳಿದ್ದು ಕುಡಿಯು ಕಪ್ಪಾಗಿ ಸತ್ತಿದ್ದರೆ ಅದು ನಂಜಿನ ರೋಗ. ಅದಕ್ಕೆ ಈ ಚಿಕಿತ್ಸೆ ತಗುಲದು.

೩. ಹತ್ತು ಗಿಡಗಳ ಪರೀಕ್ಷೆ

ಹಣ ವೆಚ್ಚ ಮಾಡುವ ಮೊದಲು ಪ್ರತಿಯೊಬ್ಬರೂ ಮಾಡಿ ನೋಡಬಹುದಾದ ಪರೀಕ್ಷೆಯೊಂದಿದೆ. 1843ರ ಸುಮಾರಿಗೆ ಫ್ರಾನ್ಸ್ ದೇಶದ ಯೂಸೆಬ್ ಗ್ರಿ ಎಂಬ ವಿದ್ವಾಂಸನು, ಹಳದಿಗೊಂಡ ಗಿಡಗಳಿಗೆ ಕಬ್ಬಿಣದ ಲವಣದ ದ್ರಾವಣವನ್ನು ಕೊಟ್ಟರೆ ಅವು ಮರಳಿ ಹಸುರಾಗುವುದನ್ನು ತೋರಿಸಿಕೊಟ್ಟನು. ಅದೇ ವಿಧಾನವು ಇಂದಿಗೂ ಪ್ರಯೋಜನಕಾರಿ. ಒಂದು ಲೀಟರ್ ನೀರಿಗೆ 1 ಗ್ರಾಂ ಸಿಟ್ರಿಕ್ ಆಮ್ಲ ಅಂದರೆ ನಿಂಬೆ ಉಪ್ಪನ್ನೂ, ಬಳಿಕ 5 ಗ್ರಾಂ ಅನ್ನಭೇದಿಯನ್ನೂ ಕರಗಿಸಿ, ಹತ್ತು ಹಳದಿ ಗಿಡಗಳ ತುದಿಯ ಎಲೆಗಳಿಗೆ ಅರಿವೆಯಿಂದ ಸವರಬೇಕು. ಬದಿಯ ಹತ್ತು ಗಿಡಗಳನ್ನು ಹಾಗೆಯೇ ಬಿಡಬೇಕು. ಐದಾರು ದಿನಗಳಲ್ಲಿ ಸವರಿದ ಎಲೆಗಳು ಹಸುರಿಗೆ ತಿರುಗಿದರೆ ಸಂಶಯಕ್ಕೆ ಎಡೆಯಿಲ್ಲ. ತಿರುಗದಿದ್ದರೆ ಕಾರಣ ಬೇರೆಯೆಂದು ತಿಳಿದು ರೈತ ಸಂಪರ್ಕ ಕೇಂದ್ರವನ್ನಾಗಲಿ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ವಿಚಾರಿಸತಕ್ಕದ್ದು.

ಮಣ್ಣಿನ ಪರೀಕ್ಷೆಯ ಚೀಟಿಯಲ್ಲಿ ಕಬ್ಬಿಣವು ಸಾಕಷ್ಟಿದೆಯೆಂದು ಬರೆದಿದ್ದರೂ ಸುಣ್ಣದ ಭೂಮಿಯಲ್ಲಿ ಬೆಳೆಯು ಹಳದಿಯಾಗುವುದುಂಟು. ಆದಕಾರಣ ಚೀಟಿಯೊಡನೆ ಗಿಡವನ್ನೂ ಓದಬೇಕು.

೪. ಸಿಂಪಡಿಸುವ ಕ್ರಮ

ಒಂದು ಎಕರೆಗೆ ಸುಮಾರು 200 ಲೀಟರ್ ನೀರು ಬೇಕು. ಅದರಲ್ಲಿ ಮೊದಲು 200 ಗ್ರಾಂ ಸಿಟ್ರಿಕ್ ಆಮ್ಲವನ್ನು, ಅನಂತರ 1 ಕಿಲೋ ಅನ್ನಭೇದಿಯನ್ನು ಕರಗಿಸಬೇಕು. ಅನ್ನಭೇದಿಯು ತಿಳಿಹಸುರು ಹರಳಾಗಿರಬೇಕು. ತುಕ್ಕಿನ ಬಣ್ಣಕ್ಕೆ ತಿರುಗಿದ್ದನ್ನು ಕೊಳ್ಳಬಾರದು. ಕೊಡದಲ್ಲಿ ಬಿಳಿಯ ಹೆಪ್ಪು ಕಟ್ಟುವ ಸವಳು ನೀರಿಗಿಂತ ಮಳೆಯ ನೀರು ಉತ್ತಮ. ದ್ರಾವಣವು ಕೆಂಪಾದರೆ ಅದರ ಗುಣ ಹೋಯಿತೆಂದೇ ತಿಳಿಯಬೇಕು. ಆದ್ದರಿಂದ ಕೂಡಿಸಿದ ದಿನವೇ ಬಳಸತಕ್ಕದ್ದು. ಬಿಸಿಲು ಇಳಿದ ಮೇಲೆ ಎಲೆಗಳು ಚೆನ್ನಾಗಿ ತೊಯ್ಯುವಂತೆ ಸಿಂಪಡಿಸಿ, ಹತ್ತು ದಿನಗಳ ಅಂತರದಲ್ಲಿ ಎರಡು ಅಥವಾ ಮೂರು ಸಲ ಮಾಡಬೇಕು. ಒಮ್ಮೆ ಸಿಂಪಡಿಸಿದ ಬಳಿಕ ಹುಟ್ಟುವ ಹೊಸ ಎಲೆಗೆ ಹಳೆಯ ಎಲೆಯಿಂದ ಕಬ್ಬಿಣವು ಹೆಚ್ಚಾಗಿ ಹೋಗದಿರುವುದೇ ಮರುಸಿಂಪಡಣೆಗೆ ಕಾರಣ. ಬೇಗ ಗುಣವಾಗಲೆಂದು ಪ್ರಮಾಣವನ್ನು ಹೆಚ್ಚಿಸಿದರೆ ಎಲೆ ಸುಡುವುದು.

೫. ಮಾಡಬಾರದ ಕೆಲಸಗಳು

ಹಳದಿ ಕಂಡೊಡನೆ ಡಿ.ಎ.ಪಿ. ಗೊಬ್ಬರವನ್ನು ಹೆಚ್ಚಿಸಬಾರದು, ರಂಜಕವು ಮಿತಿಮೀರಿದರೆ ಕಬ್ಬಿಣ ಮತ್ತು ಸತು ಇನ್ನೂ ದುರ್ಲಭವಾಗುವವು. ಗಿಡವು ಬಾಡಿದೆಯೆಂದು ಭ್ರಮಿಸಿ ನೀರು ಹಾಯಿಸಬಾರದು. ಹೊಲವನ್ನು ಆರಗೊಟ್ಟು ಎಡೆಕುಂಟೆ ಆಡಿಸಿದರೆ ಬೇರಿಗೆ ಗಾಳಿಯಾಡುವುದು. ಆದರೆ ಸೂಜಿಗಳು ಮಣ್ಣನ್ನು ಹೊಕ್ಕ ಮೇಲೆ ಕುಂಟೆ ಹಾಯಿಸಲಾಗದು. ಅನ್ನಭೇದಿಯನ್ನು ಬರಿದೆ ಮಣ್ಣಿಗೆ ಚೆಲ್ಲುವುದೂ ವ್ಯರ್ಥ. ಸುಣ್ಣವು ಅದನ್ನೂ ಬೇಗನೆ ಕಟ್ಟಿಹಾಕುವುದು.

೬. ಮುಂದಿನ ಬೆಳೆಗೆ ಮುನ್ನೆಚ್ಚರಿಕೆ

ಸಿಂಪಡಣೆಯು ಆ ವರ್ಷದ ಬೆಳೆಯನ್ನು ಉಳಿಸುವುದೇ ಹೊರತು ಭೂಮಿಯನ್ನು ತಿದ್ದದು. ಭೂಮಿಗೆ ಎಕರೆಗೆ 3ರಿಂದ 4 ಟನ್ ಕಳಿತ ತಿಪ್ಪೆಗೊಬ್ಬರವನ್ನು ಬಿತ್ತುವ ಮೊದಲು ಬೆರೆಸಬೇಕು. ಅದರ ಸಾರವು ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲಿ ಹಿಡಿದಿಡುತ್ತದೆ. ತಗ್ಗುಗಳಿಂದ ನೀರು ಬಸಿದುಹೋಗಲು ಕಾಲುವೆ ತೆಗೆಯಬೇಕು. ಎಲ್ಲ ತಳಿಗಳೂ ಈ ಕೊರತೆಯನ್ನು ಸಮನಾಗಿ ತಾಳಲಾರವು. ಪ್ರತಿವರ್ಷ ಹಳದಿಯಾಗುವ ಹೊಲಕ್ಕೆ ತಾಳಿಕೆಯುಳ್ಳ ತಳಿ ಯಾವುದೆಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯದವರನ್ನು ಕೇಳಿ ಬಿತ್ತುವುದು ಲೇಸು. ಚೀನಾ ದೇಶದ ಸುಣ್ಣದ ಭೂಮಿಗಳಲ್ಲಿ ಗೋವಿನಜೋಳದ ಸಾಲುಗಳ ನಡುವೆ ಬಿತ್ತಿದ ಶೇಂಗಾ ಹಸುರಾಗಿ ಉಳಿದುದು ಕಂಡುಬಂದಿದೆ. ಜೋಳದ ಜಾತಿಯ ಬೇರುಗಳು ಕಬ್ಬಿಣವನ್ನು ಕರಗಿಸುವ ರಸವನ್ನು ಸ್ರವಿಸುವುದೇ ಅದಕ್ಕೆ ಕಾರಣ. ಅಕ್ಕಡಿ ಬೆಳೆಯ ನಮ್ಮ ಹಳೆಯ ವಾಡಿಕೆಗೆ ಇದು ಹೊಸ ಸಮರ್ಥನೆ.

೭. ಊರ ಹಿರಿಯರಲ್ಲಿ ವಿಜ್ಞಾಪನೆ

ಬಿತ್ತಿದ 25ರಿಂದ 30 ದಿನಗಳಲ್ಲಿ ಹೂವು ತೊಡಗುವುದರಿಂದ ಚಿಕಿತ್ಸೆಗೆ ದೊರೆಯುವ ಅವಧಿ ಬಹು ಚಿಕ್ಕದು. ಸಣ್ಣ ಹಿಡುವಳಿದಾರನು ಒಂದು ಕಿಲೋ ಅನ್ನಭೇದಿಗಾಗಿ ಪೇಟೆ ಅಲೆಯುವಷ್ಟರಲ್ಲಿ ಆ ಅವಧಿ ಮುಗಿದುಹೋದೀತು. ಊರಿನ ಗೌಡರೂ ದೊಡ್ಡ ಹಿಡುವಳಿದಾರರೂ ಬಿತ್ತಿಗೆಯ ಕಾಲದಲ್ಲಿಯೇ ಊರಿಗೆ ಸಾಕಾಗುವಷ್ಟು ಅನ್ನಭೇದಿಯನ್ನು ತರಿಸಿ, ತೇವ ತಗುಲದಂತೆ ಇರಿಸಿ, ಸಿಂಪಡಿಸುವ ಯಂತ್ರವನ್ನು ಸರದಿಯ ಮೇಲೆ ಒದಗಿಸಿದರೆ ನೆರೆಹೊರೆಯವರಿಗೆ ದೊಡ್ಡ ಉಪಕಾರವಾಗುವುದು. ತಮ್ಮ ಹೊಲದಲ್ಲಿ ಹತ್ತು ಗಿಡಗಳ ಪರೀಕ್ಷೆಯನ್ನು ಮಾಡಿ ನಾಲ್ಕು ಜನರಿಗೆ ತೋರಿಸಲಿ. ಕಣ್ಣಾರೆ ಕಂಡ ಹಸುರು ಎಲೆಯು ಇಂಥ ಹತ್ತು ಲೇಖನಗಳಿಗಿಂತ ಹೆಚ್ಚು ಮನವರಿಕೆ ಮಾಡಿಕೊಡಬಲ್ಲುದು.