ಮಕ್ಕಳ ಜಾಲತಾಣ: ಅಂದಗೊಳಿಸುವ ಬಗೆ, ಲೋಕಕ್ಕೆ ತೆರೆಯುವ ಬಗೆ

ಕೇರಳದ ಪ್ರೌಢಶಾಲೆಗಳಲ್ಲಿ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಒಂದು ಪಾಠವಿಷಯ. ಅದರ ಪುಸ್ತಕ ಕಾಸರಗೋಡಿನ ಮಕ್ಕಳಿಗಾಗಿ ಕನ್ನಡದಲ್ಲೂ ಅಚ್ಚಾಗುತ್ತದೆ. 2018ರಲ್ಲಿ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಐಟಿ ಕೂಟಗಳೂ ಶುರುವಾದವು. ಹಾಗಾಗಿ ಕಾಸರಗೋಡು ಜಿಲ್ಲೆಯ ಸೀತಾಂಗೋಳಿ ಸುತ್ತಲಿನ ಮಕ್ಕಳಿಗೆ ಜಾಲತಾಣ ಕಟ್ಟುವ ಕೆಲಸ ದೂರದ ಮಾತಲ್ಲ. ಬರೆಯಲು ವಿಷಯವೂ ಹತ್ತಿರದಲ್ಲೇ ಇದೆ: ಅನಂತಪುರದ ಸರೋವರ ದೇವಾಲಯ, 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಅಲ್ಲಿನ ಮೊಸಳೆ ಬಬಿಯಾ, ಕಿದೂರಿನ ಹಕ್ಕಿಗಳು, ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬ. ಇಂಥ ತಾಣ ಓದಲು ಹಿತವಾಗಿರಬೇಕು, ಶಾಲೆಯ ಕಂಪ್ಯೂಟರ್ ಲ್ಯಾಬಿನಾಚೆಗೂ ಸಿಗಬೇಕು.

ಕನ್ನಡದ ಅಕ್ಷರಕ್ಕೆ ಜಾಗ ಕೊಡಿ

ಪುಟದಲ್ಲಿ ಏನಿದೆ ಎಂದು ಹೇಳುವುದು ಎಚ್‌ಟಿಎಂಎಲ್. ಅದು ಹೇಗೆ ಕಾಣಬೇಕು ಎಂದು ಹೇಳುವುದು ಸಿಎಸ್‌ಎಸ್. ತಂತ್ರಜ್ಞ ಹಾಕೊನ್ ವಿಯುಮ್ ಲೀ 1994ರಲ್ಲಿ ಮುಂದಿಟ್ಟ ಸಿಎಸ್‌ಎಸ್, 1996ರಲ್ಲಿ ಅಧಿಕೃತ ಮಾನಕವಾಯಿತು. ಎಲ್ಲ ಪುಟಗಳಿಗೂ ಒಂದೇ ಸಿಎಸ್‌ಎಸ್ ಕಡತ ಜೋಡಿಸಿದರೆ, ಬಣ್ಣವನ್ನು ಒಂದೆಡೆ ತಿದ್ದಿದರೆ ಸಾಕು, ಇಡೀ ತಾಣ ಬದಲಾಗುತ್ತದೆ.

ಸಿದ್ಧ ವಿನ್ಯಾಸಗಳಲ್ಲಿ ಬಹುಪಾಲು ಇಂಗ್ಲಿಷ್ ಅಕ್ಷರಗಳ ಅಳತೆಗೆ ಹೊಲಿದವು. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಣಿತ ಮೇಲೆ ಏರುತ್ತದೆ. ಬ್ರೌಸರಿನ ಸಾಮಾನ್ಯ ಸಾಲಿನ ಎತ್ತರ ಅಕ್ಷರದ ಅಳತೆಯ ಸುಮಾರು 1.2 ಪಟ್ಟು, ಅಷ್ಟರಲ್ಲಿ ಕನ್ನಡದ ಸಾಲುಗಳು ಒಂದಕ್ಕೊಂದು ತಾಗಿದಂತೆ ಕಾಣುತ್ತವೆ. ಅದನ್ನು 1.7ಕ್ಕೆ ಏರಿಸಿ, ಅಕ್ಷರದ ಗಾತ್ರವನ್ನು 18 ಪಿಕ್ಸೆಲ್ ಮಾಡಿ. ಇಷ್ಟರಿಂದಲೇ ಪುಟ ಉಸಿರಾಡತೊಡಗುತ್ತದೆ. ಬರಹಕ್ಕೆ ನೋಟೋ ಸ್ಯಾನ್ಸ್ ಕನ್ನಡ, ತಲೆಬರಹಕ್ಕೆ ಬಾಲೂ ತಮ್ಮ ಒಪ್ಪುತ್ತವೆ, ಎರಡೂ ಉಚಿತ.

ಬಣ್ಣ ಎರಡೋ ಮೂರೋ ಸಾಕು. ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕೆಂಬುದು ಅಂತರರಾಷ್ಟ್ರೀಯ ಸೂಚನೆ. ಕಣ್ಣು ಮಂಜಾದ ಅಜ್ಜಿಯೂ ಓದಬೇಕಲ್ಲವೇ? ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್‌ನಲ್ಲೇ ನಮೂದಿಸಿ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಆಗ ಯಾವ ಭಾಷೆಯ ದನಿ ಬೇಕೆಂದು ತಿಳಿಯುತ್ತದೆ. ಪ್ರತಿ ಚಿತ್ರಕ್ಕೂ ಒಂದು ಸಾಲಿನ ವಿವರಣೆ ಸೇರಿಸಿ.

ಪುಟ ಹಗುರವಾಗಿರಲಿ

ಓದುವವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಮೊಬೈಲು. ಆದ್ದರಿಂದ ಪುಟ ಪರದೆಯ ಅಗಲಕ್ಕೆ ಹೊಂದಿಕೊಳ್ಳಲು ವ್ಯೂಪೋರ್ಟ್ ಸೂಚನೆ ಬರೆದು, ಚಿತ್ರಗಳ ಅಗಲ ಪರದೆಯನ್ನು ಮೀರದಂತೆ ನೋಡಿಕೊಳ್ಳಿ. ಫೋನಿನಲ್ಲಿ ತೆಗೆದ ಚಿತ್ರ ನಾಲ್ಕೈದು ಎಂಬಿ ತೂಗಬಹುದು. ಚಿತ್ರ ತಿದ್ದುವ ತಂತ್ರಾಂಶವಾದ ಜಿಂಪ್‌ನಲ್ಲಿ ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ ಜೆಪಿಜಿಯಾಗಿ ಎಕ್ಸ್‌ಪೋರ್ಟ್ ಮಾಡಿದರೆ, ಅದು ಕೆಲವೇ ನೂರು ಕೆಬಿಗೆ ಇಳಿಯುತ್ತದೆ.

ಜಾಲಕ್ಕೆ ಏರಿಸುವುದು

ಹಗಲಿರುಳೂ ಅಂತರ್ಜಾಲಕ್ಕೆ ಜೋಡಿಕೊಂಡಿರುವ ಕಂಪ್ಯೂಟರೇ ಸರ್ವರ್. ನಮ್ಮ ಕಡತಗಳನ್ನು ಅಲ್ಲಿ ಇರಿಸುವುದಕ್ಕೆ ಹೋಸ್ಟಿಂಗ್ ಎನ್ನುತ್ತಾರೆ. ಎಚ್‌ಟಿಎಂಎಲ್, ಸಿಎಸ್‌ಎಸ್, ಚಿತ್ರ ಇಷ್ಟೇ ಇರುವ ತಾಣಕ್ಕೆ ಗಿಟ್‌ಹಬ್ ಪೇಜಸ್ ಉಚಿತವಾಗಿ ಜಾಗ ಕೊಡುತ್ತದೆ. ಮಿತಿ 1 ಜಿಬಿ. ಖಾತೆ ತೆರೆಯಲು 13 ವರ್ಷ ತುಂಬಿರಬೇಕು. ರೆಪಾಸಿಟರಿ (ಕಡತಗಳನ್ನು ಇಡುವ ಜಾಗ) ತೆರೆದು, ಕಡತಗಳನ್ನು ಏರಿಸಿ, ಸೆಟ್ಟಿಂಗ್ಸ್‌ನಲ್ಲಿ ಪೇಜಸ್ ಚಾಲೂ ಮಾಡಿದರೆ ಕೆಲವು ನಿಮಿಷಗಳಲ್ಲಿ ವಿಳಾಸ ಸಿದ್ಧ. ಮುಖಪುಟದ ಕಡತಕ್ಕೆ ‘ಇಂಡೆಕ್ಸ್’ ಎಂದೇ ಹೆಸರಿರಬೇಕು.

ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬಹುತೇಕ ಸರ್ವರ್‌ಗಳಿಗೆ ಬೇರೆ ಬೇರೆ. ವಿಂಡೋಸ್ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡ ಚಿತ್ರ ಜಾಲದಲ್ಲಿ ಕಾಣೆಯಾಗುವುದು ಹಲವೊಮ್ಮೆ ಇದರಿಂದಲೇ. ಕಡತಗಳ ಹೆಸರನ್ನು ಇಂಗ್ಲಿಷಿನ ಚಿಕ್ಕಕ್ಷರಗಳಲ್ಲೇ ಇಡಿ. ಕನ್ನಡದಲ್ಲಿ ಹೆಸರಿಟ್ಟರೆ ವಿಳಾಸ ತೀರ ಉದ್ದವಾಗುತ್ತದೆ: ‘ಸೀತಾಂಗೋಳಿ’ ಎಂಬ ಹೆಸರಿಗೆ ಯೂನಿಕೋಡಿನಲ್ಲಿ 9 ಸಂಕೇತಗಳು, ಪ್ರತಿ ಸಂಕೇತಕ್ಕೂ 3 ಬೈಟು. ವಿಳಾಸವಾಗಿ ನಕಲಿಸಿದಾಗ ಒಂದೊಂದು ಬೈಟೂ 3 ಚಿಹ್ನೆಗಳಾಗಿ, ಒಟ್ಟು 81 ಚಿಹ್ನೆಗಳ ಉದ್ದದ ಸಾಲಾಗುತ್ತದೆ.

ಒಮ್ಮೆ ಏರಿಸಿದ್ದನ್ನು ಯಾರು ಬೇಕಾದರೂ ನಕಲಿಸಿಕೊಳ್ಳಬಹುದು. ಮಕ್ಕಳ ಫೋನ್ ನಂಬರು, ಮನೆ ವಿಳಾಸ ಹಾಕಬೇಡಿ. ಮುಖ ಕಾಣುವ ಚಿತ್ರ ಹಾಕುವ ಮುನ್ನ ಹೆತ್ತವರ ಒಪ್ಪಿಗೆ ಪಡೆಯಿರಿ. ಬೇರೆಯವರು ತೆಗೆದ ಚಿತ್ರಕ್ಕೆ ಅವರ ಅನುಮತಿ ಬೇಕು.

ಮಾಡಿ ನೋಡಿ

ನಿಮ್ಮ ಊರಿನ ಒಂದು ಕೆರೆ, ಮರ ಅಥವಾ ಕಲಾವಿದರ ಬಗ್ಗೆ ಒಂದೇ ಪುಟ ಬರೆಯಿರಿ. ಸಾಲಿನ ಎತ್ತರವನ್ನು 1.2 ಮತ್ತು 1.7 ಮಾಡಿ ಹೋಲಿಸಿ. ಜಾಲಕ್ಕೆ ಏರಿಸಿ, ಮನೆಯ ಹಿರಿಯರೊಬ್ಬರಿಗೆ ಮೊಬೈಲಿನಲ್ಲಿ ಓದಲು ಕೊಡಿ. ಅವರು ಎಲ್ಲಿ ತಡವರಿಸಿದರೋ ಅಲ್ಲಿ ತಿದ್ದಿ, ಮತ್ತೆ ಏರಿಸಿ.